ತಿರುಗದ ಮೋಟರು

ಅಪ್ಪನಿಗೆ ಲಕ್ವ ಹೊಡೆದಾಗ ನಾನು ಜಾವಗಲ್ಲಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಅರಸೀಕೆರೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಅಪ್ಪ ರೈಲ್ವೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ ನಿವೃತ್ತರಾಗಿದ್ದರು. ಸ್ಟೇಷನ್ನಿನ ಫ್ಯಾನು, ದೀಪ, ನೀರೆತ್ತುವ ಮೋಟರು ಎಲ್ಲ ಅವರ ಕೈಯಲ್ಲಿ ರಿಪೇರಿಯಾದವೇ. ಈಗ ಆ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಮಾತು ತೊದಲುತ್ತಿತ್ತು. ನೋಡಲು ಬಂದವರು ಅವರ ಎದುರಿಗೇ, “ಈಗ ಹೆಂಗವ್ರೆ?” ಎಂದು ಅಮ್ಮನನ್ನು ಕೇಳುತ್ತಿದ್ದರು. ಅಪ್ಪ ಗೋಡೆ ನೋಡುತ್ತ ಕೂತಿರುತ್ತಿದ್ದರು.

ಎಲ್ಲವೂ ಹಾಸಿಗೆಯಲ್ಲೇ ಆಗುತ್ತಿದ್ದ ಕಾಲ ಅದು. ಹೊದಿಕೆ, ಪಂಚೆ, ಹಳೇ ಸೀರೆಯ ತುಂಡು, ಎಷ್ಟು ಒಗೆದರೂ ಮುಗಿಯುತ್ತಿರಲಿಲ್ಲ. ಅದನ್ನೆಲ್ಲ ನಮ್ಮ ಹಳೇ ವಾಷಿಂಗ್ ಮಿಷನ್ನು ಒಗೆಯುತ್ತಿತ್ತು. ಒಂದು ಕಡೆ ಒಗೆದು ಇನ್ನೊಂದು ಕಡೆ ಹಿಂಡುವ, ಎರಡು ತೊಟ್ಟಿಯ ಮಿಷನ್ನು. ಒಂದು ಬೆಳಿಗ್ಗೆ ಒಗೆಯುವ ಕಡೆ ನಿಂತುಹೋಯಿತು. ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ರಿಪೇರಿಯವನು ಬಂದು ನೋಡಿ, ಇಷ್ಟು ಹಳೆಯದಕ್ಕೆ ಸಾಮಾನು ಸಿಗುವುದಿಲ್ಲ, ಹೊಸದು ತೆಗೆದುಕೊಳ್ಳಿ ಎಂದು ಹೇಳಿ ಹೋದ. ಅಮ್ಮ ಬಕೆಟ್ಟು ತೆಗೆದುಕೊಂಡು ಹಿತ್ತಲಿಗೆ ಹೋದಳು. ಕಲ್ಲಿನ ಮೇಲೆ ಬಟ್ಟೆ ಕುಕ್ಕುವ ಸದ್ದು ನಡುಮನೆಗೆ ಕೇಳುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡರು.

ಭಾನುವಾರ ಅವರೇ ನನ್ನನ್ನು ಕರೆದರು. “ಮಿಷನ್ ಬಿಚ್ಚು.”

“ನನಗೆ ಬರಲ್ಲಪ್ಪ.”

“ನಾನಿಲ್ವಾ?”

ಅವರ ಕುರ್ಚಿಯನ್ನು ಬಚ್ಚಲುಮನೆಯ ಬಾಗಿಲಿಗೆ ಎಳೆದುಕೊಂಡು ಬಂದೆ. ಮೊದಲು ಪ್ಲಗ್ ತೆಗೆಸಿದರು. ಹಿಂದಿನ ತಗಡು ಬಿಚ್ಚಿದಾಗ ಒಳಗೆ ಧೂಳು, ಒಣಗಿದ ಸೋಪಿನ ಬಿಳಿ. ಮೋಟರು ತಿರುಗಲು ಮೊದಲ ತಳ್ಳು ಕೊಡುವ ಪುಟ್ಟ ಡಬ್ಬಿ, ಕೆಪಾಸಿಟರನ್ನು ಮುಟ್ಟಲು ಹೋದೆ. ಅಪ್ಪ ಎಡಗೈಯಿಂದ ಕುರ್ಚಿಯನ್ನು ಬಡಿದರು. “ಪ್ಲಗ್ ತೆಗ್ದಿದ್ರೂ ಅದರಾಗೆ ಕರೆಂಟ್ ನಿಂತಿರ್ತೈತೆ!” ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಅದರ ಎರಡೂ ತುದಿಗಳನ್ನು ಒಟ್ಟಿಗೆ ಮುಟ್ಟಿಸಲು ಹೇಳಿದರು. ಚಟ್ ಎಂದು ಕಿಡಿ ಹಾರಿತು.

“ಗುಂಯ್ ಅಂತೈತೆ ಅಂದ್ರೆ ಮೋಟ್ರಿಗೆ ಕರೆಂಟ್ ಬತ್ತೈತೆ ಕಣವ್ವ. ಕೈಯಲ್ಲಿ ತಿರುಗ್ಸು.” ಬೆಲ್ಟು ಹಿಡಿದು ಎಳೆದೆ, ಸಲೀಸಾಗಿ ತಿರುಗಿತು. “ಹಂಗಾದ್ರೆ ಕೆಪಾಸಿಟರ್ರೇ.” ಪೇಟೆಗೆ ಹೋಗಿ ಅದೇ ಅಳತೆಯದು ತಂದು ಹಾಕಿದೆ. ಸ್ವಿಚ್ಚು ಒತ್ತಿದರೆ ಮತ್ತೆ ಗುಂಯ್.

ಅಪ್ಪನ ಮುಖ ಇಳಿದುಹೋಯಿತು. “ಒಳಕ್ ಕರ್ಕೊಂಡ್ ಹೋಗು” ಎಂದರು. ಆ ದಿನ ಊಟ ಬೇಡವೆಂದರು. ಮಿಷನ್ನು ಬಿಚ್ಚಿದ್ದೇ ತಪ್ಪಾಯಿತೇನೋ ಎಂದು ಅಮ್ಮ ನನ್ನ ಬಳಿ ಪಿಸುಗುಟ್ಟಿದಳು.

ಮರುದಿನ ನಾನು ಸ್ಕೂಲಿಗೆ ಹೊರಟಾಗ ಅಪ್ಪ ತಡೆದು ನಿಲ್ಲಿಸಿ, ಕಷ್ಟಪಟ್ಟು ಒಂದೊಂದೇ ಮಾತು ಜೋಡಿಸಿದರು. ಮೋಟರಿನೊಳಗೆ ತಂತಿಯ ಎರಡು ಸುರುಳಿ ಇರುತ್ತವೆ, ಒಂದಕ್ಕೇ ಕರೆಂಟ್ ಹೋದರೆ ಬರೀ ಗುಂಯ್ ಎನ್ನುತ್ತದೆ, ನಡುವಿನ ವೈರು ಎಲ್ಲೋ ಕಡಿದಿರಬೇಕು. ನಾನು ಸಂಜೆ ನೋಡುತ್ತೇನೆ ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಮುಖವೇ ಕಣ್ಣ ಮುಂದಿತ್ತು. ಅಷ್ಟುದ್ದ ಮಾತನ್ನು ಅವರು ಕಾಯಿಲೆ ಬಿದ್ದ ಮೇಲೆ ಆಡಿರಲಿಲ್ಲ.

ಸಂಜೆ ಅಪ್ಪನ ಕುರ್ಚಿಯನ್ನು ಮತ್ತೆ ಬಚ್ಚಲುಮನೆಯ ಬಾಗಿಲಿಗೆ ಎಳೆದು, ಪ್ಲಗ್ ತೆಗೆದು, ಟಾರ್ಚಿನ ಬಲ್ಬು, ಸೆಲ್ಲು, ಎರಡು ತುಂಡು ವೈರು ಜೋಡಿಸಿಕೊಂಡೆ. ಮಿಷನ್ನಿನ ಒಂದೊಂದೇ ವೈರಿನ ಎರಡು ತುದಿಗೆ ಅದನ್ನು ಮುಟ್ಟಿಸುತ್ತ ಹೋದೆ. ಬಲ್ಬು ಹೊತ್ತಿದರೆ ಆ ವೈರು ಸರಿ. ಮೋಟರಿನಿಂದ ಕೆಪಾಸಿಟರಿಗೆ ಬರುವ ಹಳದಿ ವೈರಿಗೆ ಹೊತ್ತಲಿಲ್ಲ. ಮೇಲಿನ ಪ್ಲಾಸ್ಟಿಕ್ಕು ಚೆನ್ನಾಗಿಯೇ ಇತ್ತು. ಬಗ್ಗಿಸಿದರೆ ಮಿನುಗುತ್ತಿತ್ತು, ಬಿಟ್ಟರೆ ಆರುತ್ತಿತ್ತು. ಮಿಷನ್ನು ಅದುರಿ ಅದುರಿ ಒಳಗಿನ ತಾಮ್ರ ಕಡಿದುಹೋಗಿತ್ತು.

“ಅದೇಯ! ಅದೇ ಕಣವ್ವ!” ಅಪ್ಪ ಕೂಗಿದರು.

ಕತ್ತರಿಸಿ, ಹೆಣೆದು, ಟೇಪು ಸುತ್ತಿದೆ. ಅಪ್ಪ ಎಡಗೈ ಚಾಚಿ ಆ ಗಂಟನ್ನು ತಾವೇ ಎಳೆದು ನೋಡಿದರು. ಸಡಿಲವಾಗಿದೆಯೆಂದು ಮತ್ತೊಮ್ಮೆ ಕಟ್ಟಿಸಿದರು. ತಗಡು ಮುಚ್ಚಿ ಸ್ವಿಚ್ಚು ಒತ್ತಿದಾಗ ನೀರು ಒಂದು ಕಡೆಗೆ ಸುತ್ತಿ, ನಿಂತು, ಇನ್ನೊಂದು ಕಡೆಗೆ ಸುತ್ತಿತು.

ಅಪ್ಪ ಅಮ್ಮನತ್ತ ತಿರುಗಿದರು. “ನನ್ನ ಹೊಲಸು ನೀನು ಕೈಯಾಗೆ ಒಗೀಬ್ಯಾಡ.”

“ನಾನು ಯಾವತ್ತಾದ್ರೂ ಹೊಲಸು ಅಂದಿದ್ದೀನಾ?” ಎಂದು ಕೇಳಿದ ಅಮ್ಮ ಸೆರಗಿನಿಂದ ಮೊದಲು ಅವರ ಬಾಯಂಚನ್ನು ಒರೆಸಿ, ಆಮೇಲೆ ತನ್ನ ಕಣ್ಣು ಒರೆಸಿಕೊಂಡಳು.

ಆಮೇಲೆ ಅಪ್ಪ ಇನ್ನೊಂದು ಬೇಸಿಗೆಯನ್ನಷ್ಟೇ ಕಂಡರು. ಅಷ್ಟರಲ್ಲಿ ನನ್ನಿಂದ ಫ್ಯಾನು ಬಿಚ್ಚಿಸಿದರು, ಇಸ್ತ್ರಿಪೆಟ್ಟಿಗೆಗೆ ಹೊಸ ವೈರು ಹಾಕಿಸಿದರು. ಅವರ ತೊದಲು ಮಾತು ನನಗೆ ಎಷ್ಟು ರೂಢಿಯಾಯಿತೆಂದರೆ, ಅರ್ಥವಾಗದಿದ್ದಾಗ ಅಮ್ಮನೇ ನನ್ನನ್ನು ಕೇಳುತ್ತಿದ್ದಳು. ಕೊನೆಯ ದಿನಗಳಲ್ಲಿ ಮಾತು ಪೂರ್ತಿ ನಿಂತಿತು. ಮಕ್ಕಳಿಗೆ ಅಪ್ಪಂದಿರು ಹೇಳಿಹೋಗುವಂಥ ದೊಡ್ಡ ಮಾತುಗಳನ್ನೇನೂ ಅವರು ನನಗೆ ಹೇಳಲಿಲ್ಲ. ವೈರು, ಸ್ವಿಚ್ಚು, ಫ್ಯೂಸು ಇಷ್ಟೇ. ಅದು ಕಡಿಮೆಯಾಯಿತೆಂದು ನನಗೆ ಅನ್ನಿಸಿಲ್ಲ.