ಕರಿಬಸವಯ್ಯನ ಮೌಸು, ಮುದ್ದಕ್ಕನ ಕ್ಯಾಸೆಟ್ಟು

ಕಿಬ್ಬನಹಳ್ಳಿ ಕ್ರಾಸಿನಿಂದ ಒಳಕ್ಕೆ ಹೋಗುವ ಮಣ್ಣು ದಾರಿಯಲ್ಲಿ, ತೆಂಗಿನ ತೋಟಕ್ಕೆ ಬೆನ್ನು ಕೊಟ್ಟು ಕೂತಿರುವ ಹೆಂಚಿನ ಮನೆ ಕರಿಬಸವಯ್ಯನದು. ಆ ಮನೆಯ ಮುಂದಿನ ಕೋಣೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ, ಜನವರಿಯ ಒಂದು ಬೆಳಿಗ್ಗೆ ಅವನು ಮಂಕಿ ಟೋಪಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಹಲ್ಲು ಕಡಿಯುತ್ತ ಕೂತಿದ್ದ. ಕಡಿದದ್ದು ಚಳಿಗಲ್ಲ. ಪರದೆಯ ಮೇಲಿನ ಬಾಣ ಮತ್ತೆ ನಿಂತುಹೋಗಿತ್ತು.

ಮೌಸನ್ನು ಎಡಕ್ಕೆ ಎಳೆದ, ಬಲಕ್ಕೆ ಎಳೆದ, ಎತ್ತಿ ಮೇಜಿನ ಮೇಲೆ ಕುಕ್ಕಿದ. ಬಾಣ ಮಾತ್ರ ಅರ್ಧ ಸಾಲು ಉತ್ತು ಮಲಗಿದ ಮೊಂಡು ಎತ್ತಿನ ಹಾಗೆ ಮಿಸುಕಲಿಲ್ಲ. ಸ್ಪೀಕರಿನಲ್ಲಿ ಹೆಂಗಸೊಬ್ಬಳ ಸೋಬಾನೆ ದನಿ ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡು ಗರ್ರೆಂದಿತು.

“ಹಾಳಾಗೋಗು” ಎಂದು ಕರಿಬಸವಯ್ಯ ಪಕ್ಕದಲ್ಲಿದ್ದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಕ್ಯಾಸೆಟ್ಟು ನಿಲ್ಲಿಸಿದ.

ಹಿಂದುಗಡೆ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ಜುಂಜಣ್ಣ ಕತ್ತು ಚಾಚಿದ. “ಏನಣ್ಣ, ಮತ್ತೆ ಅಲ್ಲೇ ನಿಂತ್ಕಂತಾ?”

“ನಿಂತ್ಕತು.”

“ಅವ್ವ ಬೈಯೋ ತಾವ್ಕೆ ಬಂದಿತ್ತಾ?”

“ಅಲ್ಲೀಗಂಟ ಎಲ್ಲಿ ಬಂತು? ಎಲ್ಡನೇ ಪದಕ್ಕೇ ಕುಂತ್ಕತು.”

ಜುಂಜಣ್ಣ ಹುಳಿಯಾರು ಕಡೆಯ ಹಟ್ಟಿಯವನು, ಕುರಿ ಸಾಕುವವನು. ಅವನ ಅವ್ವ ಮುದ್ದಕ್ಕ ಸುತ್ತಲ ಹಟ್ಟಿಗಳ ಮದುವೆಗಳಲ್ಲೆಲ್ಲ ಸೋಬಾನೆ ಹೇಳುತ್ತಿದ್ದವಳು; ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಜುಂಜಣ್ಣ ಹುಡುಗನಾಗಿದ್ದಾಗ ಯಾರದೋ ಚಪ್ಪರದಲ್ಲಿ ಅವಳ ಪದಗಳನ್ನು ಹಿಡಿದಿಟ್ಟಿದ್ದ ಕ್ಯಾಸೆಟ್ಟೊಂದು ಮಾತ್ರ ಉಳಿದಿತ್ತು. ಬರುವ ಭಾನುವಾರ ಅವನ ಮಗಳು ಕೋಮಲಾಳ ಮದುವೆಯ ಚಪ್ಪರ. ಮೊಮ್ಮಗಳ ಚಪ್ಪರದಲ್ಲಿ ಅಜ್ಜಿಯ ದನಿ ಕೇಳಿಸಬೇಕು ಎನ್ನುವುದು ಜುಂಜಣ್ಣನ ಆಸೆ. ಪೆಂಡಾಲಿನವರ ಬಳಿ ಕ್ಯಾಸೆಟ್ಟು ಹಾಕುವ ಯಂತ್ರ ಈಗ ಎಲ್ಲಿಂದ ಬರಬೇಕು? ದನಿಯನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಡುವವನು ಆ ದಿಕ್ಕಿಗೆಲ್ಲ ಕರಿಬಸವಯ್ಯ ಒಬ್ಬನೇ.

ಫಜೀತಿ ಏನೆಂದರೆ ಕ್ಯಾಸೆಟ್ಟು ಹಣ್ಣಾಗಿತ್ತು. ಒಂದೊಂದು ಸಲ ಓಡಿಸಿದಾಗಲೂ ಟೇಪಿನಿಂದ ಕಂದು ಪುಡಿ ಉದುರಿ, ದನಿ ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತಿತ್ತು. ಕರಿಬಸವಯ್ಯ ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ಡು ಒರೆಸಿದ. ಹತ್ತಿ ನಶ್ಯದ ಬಣ್ಣಕ್ಕೆ ತಿರುಗಿತು. ಆ ಪುಡಿ ಬೇರೇನಲ್ಲ, ಮುದ್ದಕ್ಕನ ದನಿಯೇ. ಜುಂಜಣ್ಣನಿಗೆ ಕಾಣದ ಹಾಗೆ ಹತ್ತಿಯನ್ನು ಮುದುರಿ ಜೇಬಿಗೆ ಹಾಕಿಕೊಂಡ.

“ಇನ್ನೊಂದ್ಸಲ ಓಡ್ತದೆ, ಬಾಳ ಅಂದ್ರೆ ಎಲ್ಡು ಸಲ. ಆಮೇಲೆ ನಾನು ಹೇಳಕಾಗಲ್ಲ ಕಣಪ್ಪ” ಎಂದ.

ಜುಂಜಣ್ಣ “ಶನಿವಾರ ಬೆಳಿಗ್ಗೆ ಬತ್ತೀನಿ” ಎಂದು ಎದ್ದ. ಕುರಿ ಬಿಡುವ ಹೊತ್ತಿಗೆ ಅವನು ಹಟ್ಟಿ ಸೇರಬೇಕಿತ್ತು. ಅದಕ್ಕೇ ಮೊದಲನೆ ಬಸ್ಸಿಗೆ ಬರುವುದು, ಬಂದ ಕಾಲಲ್ಲೇ ಹೋಗುವುದು. ಅವ್ವನ ಕ್ಯಾಸೆಟ್ಟನ್ನು ಯಾರ ಮನೆಯಲ್ಲೂ ಬಿಡದೆ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಿದ್ದ.

ಕರಿಬಸವಯ್ಯ ಕಲಿತದ್ದೆಲ್ಲ ಬಿಚ್ಚಿ ಕಲಿತದ್ದು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮನೆಯ ರೇಡಿಯೋ ಬಿಚ್ಚಿ ಅಪ್ಪನಿಂದ ಏಟು ತಿಂದು, ಅದನ್ನೇ ಮತ್ತೆ ಜೋಡಿಸಿ ಅಪ್ಪನ ಬಾಯಿ ಮುಚ್ಚಿಸಿದವನು. ಕ್ರಾಸಿನಲ್ಲಿ ರೇಡಿಯೋ, ಟೇಪು ರಿಪೇರಿ ಅಂಗಡಿ ಇಟ್ಟ. ಆ ಕಾಲ ಮುಗಿಯುತ್ತಾ ಬಂದಾಗ, ಬೆಂಗಳೂರಿಗೆ ಓಡಾಡಿ ಒಂದು ಸಲ ಬೋರ್ಡು, ಇನ್ನೊಂದು ಸಲ ಡಬ್ಬ, ಮತ್ತೊಂದು ಸಲ ಹಾರ್ಡ್ ಡಿಸ್ಕು ಎಂದು ಕೊಬ್ಬರಿ ಚೀಲದಲ್ಲಿ ಸುತ್ತಿ ತಂದು ಈ ಕಂಪ್ಯೂಟರನ್ನು ತಾನೇ ಕಟ್ಟಿದ. ಡಬ್ಬದ ಪಕ್ಕದ ತಗಡು ಎಂದೋ ಕಳೆದುಹೋಗಿ, ಇಲಿ ಹಲ್ಲಿ ನುಗ್ಗದಿರಲಿ ಎಂದು ಆ ಜಾಗಕ್ಕೆ ಹಲಸಿನ ಹಲಗೆ ಇಟ್ಟು ತೆಂಗಿನ ಹಗ್ಗದಲ್ಲಿ ಬಿಗಿದಿದ್ದ. ಒಳಗಿನ ಬ್ಯಾಟರಿ ಸತ್ತು ಎಷ್ಟೋ ವರ್ಷ. ಬೆಳಿಗ್ಗೆ ಹಚ್ಚಿದರೆ ಕಪ್ಪು ಪರದೆಯ ಮೇಲೆ ಏನೋ ಇಂಗ್ಲಿಷಿನಲ್ಲಿ ಗೊಣಗುತ್ತಿತ್ತು. ಎಫ್-ಒಂದು ಒತ್ತಿದರೆ ಮುಂದಕ್ಕೆ ಹೋಗುತ್ತಿತ್ತು. ಗುಡಿಯ ಮುಂದೆ ಹಾದು ಹೋಗುವಾಗ ಎದೆ ಮುಟ್ಟಿಕೊಂಡ ಹಾಗೆ, ಅವನ ಬೆರಳು ನೋಡದೆಯೇ ಆ ಗುಂಡಿ ಒತ್ತುತ್ತಿತ್ತು.

“ನಾನು ಹೋದ ಮೇಲೂ ಇದು ನಡೀತದೆ” ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಈಗ ಅದು ಅವನು ಇರುವಾಗಲೇ ಕೈ ಕೊಡುತ್ತಿತ್ತು.

ಮೊದಲು ಮೌಸಿನ ಮೇಲೆ ಅನುಮಾನ ಬಂತು. ತಮ್ಮನ ಮಗ ಬಸವಕುಮಾರ್ ಕ್ರಾಸಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಅವನಿಂದ ಹೊಸ ಮೌಸು ತರಿಸಿದ. ಮಾರನೆ ಬೆಳಿಗ್ಗೆ ಅದೂ ನಿಂತಿತು. ಹಿಂದಿನ ತೂತು ಬದಲಿಸಿ ಸಿಗಿಸಿದ. ನಿಂತಿತು. ಮೇಜಿನ ಮೇಲಿನ ಹೂವಿನ ಬಟ್ಟೆಯೇ ಕಾರಣ ಎಂದು ಕಿತ್ತೆಸೆದಾಗ ಹೆಂಡತಿ ಸುವರ್ಣಮ್ಮ ಒಂದು ಮಧ್ಯಾಹ್ನವೆಲ್ಲ ಮಾತಾಡಲಿಲ್ಲ. ಮೆಮೊರಿ ಪಟ್ಟಿ ಬಿಚ್ಚಿ ರಬ್ಬರಿನಲ್ಲಿ ಉಜ್ಜಿದ. ಅಟ್ಟದ ಮೇಲೆ ವರ್ಷವೆಲ್ಲ ಕೊಬ್ಬರಿಯಾಗಲು ಮಲಗಿರುವ ಕಾಯಿಗಳ ನಾರಿನ ಧೂಳು ಒಳಗೆ ಕೂತಿದೆ ಎಂದು ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ತಾನೇ ಕೆಮ್ಮಿದ.

ಇಷ್ಟು ಮಾಡಿ ಮಧ್ಯಾಹ್ನ ಹಚ್ಚಿ ನೋಡಿದರೆ ಬಾಣ ನೀರಿನೊಳಗಿನ ಮೀನಿನ ಹಾಗೆ ಓಡಾಡುತ್ತಿತ್ತು. ‘ಗೆದ್ದೆ’ ಎಂದುಕೊಳ್ಳುವನು. ಮಾರನೆ ಬೆಳಿಗ್ಗೆ ಮತ್ತೆ ಅದೇ ಮೊಂಡು. ರೋಗ ಇರುವಾಗ ತೋರಿಸಿದರೆ ಮದ್ದು ಮಾಡಬಹುದು. ಡಾಕ್ಟರು ಬಂದ ಕೂಡಲೆ ಎದ್ದು ಕುಣಿಯುವ ರೋಗಿಗೆ ಏನು ಮಾಡುವುದು?

ಗುರುವಾರ ಮಧ್ಯಾಹ್ನ ಊಟಕ್ಕೆ ಬಂದ ಬಸವಕುಮಾರ್ ಕೈ ಒರೆಸಿಕೊಂಡು ಬಂದು ಮೌಸು ಹಿಡಿದ. ಎಲ್ಲ ಸಲೀಸಾಗಿ ತೆರೆಯಿತು, ಮುಚ್ಚಿತು.

“ಚೆನ್ನಾಗೈತಲ್ಲ ದೊಡ್ಡಪ್ಪ. ನೀನೇ ಎಲ್ಲೋ ಜೋರಾಗಿ ಒತ್ತಿದ್ದೀಯ.”

“ಬೆಳಿಗ್ಗೆ ಬಾರಲಾ. ಬಂದು ಒತ್ತು ನೋಡಾನ.”

“ಬೆಳಿಗ್ಗೆ ನನಗೆ ಅಂಗಡಿ ಇಲ್ವಾ? ನೋಡು, ಇದನ್ನ ಗುಜರಿಗೆ ಹಾಕು. ಲ್ಯಾಪ್‌ಟಾಪ್ ತಂದು ಕೊಡ್ತೀನಿ.”

“ತಂದು ಟೇಪಿನ ವೈರು ಎಲ್ಲಿ ಸಿಗಿಸ್ತೀಯ, ನಿನ್ನ ಮೂಗಿಗಾ?”

ಬಸವಕುಮಾರ್ ನಕ್ಕುಬಿಟ್ಟ. “ಟೇಪ್ ಹಾಕಿ ಮುಂದೆ ಫೋನ್ ಇಟ್ರೆ ರೆಕಾರ್ಡ್ ಆಯ್ತದೆ ಕಣಪ್ಪ. ಇಷ್ಟಕ್ಕೆ ಇಷ್ಟೊಂದು ರಾಮಾಯಣ ಯಾಕೆ?”

“ಆಯ್ತದೆ. ಹೊರಗಡೆ ಕೋಳಿ ಕೂಗಿದ್ದು, ನಿಮ್ಮ ದೊಡ್ಡಮ್ಮ ಪಾತ್ರೆ ತೊಳೆದಿದ್ದು ಎಲ್ಲ ಆಯ್ತದೆ. ಮುದ್ದಕ್ಕ ಬಾವಿಯೊಳಗೆ ನಿಂತು ಹಾಡಿದಂಗೆ ಕೇಳ್ತದೆ. ಅದನ್ನ ಮಾಡಕೆ ನಾನ್ಯಾಕೆ ಬೇಕು?”

ಕೊನೆಯ ಮಾತು ಬಾಯಿ ತಪ್ಪಿ ಬಂದದ್ದು. ಬಸವಕುಮಾರನಿಗೆ ಅದು ತಿಳಿಯಿತೋ ಏನೋ, ಚಪ್ಪಲಿ ಮೆಟ್ಟಿಕೊಂಡು ಹೋದ.

ಅವತ್ತೇ ಕರಿಬಸವಯ್ಯ ಹಟಕ್ಕೆ ಬಿದ್ದು ವಿಂಡೋಸನ್ನೇ ಕಿತ್ತು ಹೊಸದಾಗಿ ಹಾಕಿದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಸುವರ್ಣಮ್ಮ ದೇವರಿಗೆ ಕೈಮುಗಿದು ಬಂದು ಕಂಪ್ಯೂಟರಿನ ಹಣೆಗೂ ವಿಭೂತಿ ಎಳೆದಳು. ಅವನು ಬೇಡ ಎನ್ನಲಿಲ್ಲ. ಶುಕ್ರವಾರ ಬೆಳಿಗ್ಗೆ ಬಾಣ ವಿಭೂತಿ ಸಮೇತ ನಿಂತುಕೊಂಡಿತು.

“ಇದು ನನ್ನ ಮಾನ ಕಳೆಯಕೇ ಹುಟ್ಟಿರೋದು” ಎಂದು ಮೌಸನ್ನು ಕಿತ್ತು ಕೊಬ್ಬರಿ ಚೀಲದ ಮೇಲೆ ಎಸೆದ. ಜುಂಜಣ್ಣನ ಫೋನು ಬಂತು.

“ಅಣ್ಣ, ಬೇಜಾರು ಮಾಡ್ಕಬ್ಯಾಡ. ನಾಳಿಕೂ ಆಗ್ಲಿಲ್ಲ ಅಂದ್ರೆ ಬುಡು. ನಿಮ್ಮ ಹುಡುಗ ಹೇಳ್ದಂಗೆ ಫೋನಾಗೇ ಹಿಡ್ಕಳಾನ.”

“ನಿನಗೆ ಯಾವಾಗ ಸಿಕ್ಕಿದ್ನಲಾ ಅವನು?”

“ಫೋನಿಗೆ ಕರೆನ್ಸಿ ಹಾಕ್ಸಕೆ ಅವನಂಗಡಿಗೆ ಹೋಗಿದ್ದೆ.”

ಕರಿಬಸವಯ್ಯ ‘ಹ್ಞೂಂ’ ಎಂದು ಫೋನು ಇಟ್ಟ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಸಮಾಧಾನದ ದನಿಯೇ ಎದೆಗೆ ನಾಟಿತು.

ಶನಿವಾರ ನಸುಕಿನಲ್ಲಿ ಚಳಿ ಇನ್ನೂ ಜೋರಾಗಿತ್ತು. ತೋಟದ ತುಂಬ ಮಂಜು. ತೆಂಗಿನ ಗರಿಯಿಂದ ತೊಟ್ಟಿಕ್ಕುವ ಹನಿಯ ಸದ್ದು ಮಾತ್ರ. ಬಚ್ಚಲ ಒಲೆಗೆ ಸುವರ್ಣಮ್ಮ ತೆಂಗಿನ ಮಟ್ಟೆ ತುಂಬಿ ಉರಿ ಹಾಕಿದ್ದಳು.

“ರೀ, ಈ ಎಣ್ಣೆ ಬಾಟ್ಲಿ ಒಸಿ ಒಲೆ ಹತ್ರ ಹಿಡೀರಿ. ಕಲ್ಲಾಗೈತೆ. ತಲೆಗೆ ಹಚ್ಕಬೇಕು.”

ಅವರದೇ ಕಾಯಿಯ, ಗಾಣದಿಂದ ಬಿಡಿಸಿ ತಂದ ಎಣ್ಣೆ. ಕರಿಬಸವಯ್ಯನಿಗೆ ಆ ಎಣ್ಣೆ ಎಂದರೆ ಹೆಮ್ಮೆ. ಮಂಡಿ ನೋವಿಗೆ ಅದೇ, ಬಾಗಿಲ ತಿರುಗಣಿಗೆ ಅದೇ, ಸೈಕಲ್ ಚೈನಿಗೂ ಅದೇ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಟಲಿ ಹಿಡಿದ. ಒಳಗೆ ಬೆಳ್ಳಗೆ ಗಟ್ಟಿಯಾಗಿತ್ತು. ತಿರುಗಿಸಿದರೂ ಅಲ್ಲಾಡಲಿಲ್ಲ. ಶಾಖ ತಗುಲಿದ ಕಡೆ ಅಂಚು ಬಿಟ್ಟಿತು, ಗಟ್ಟಿ ಸರಕ್ಕನೆ ಜಾರಿತು, ಸ್ವಲ್ಪ ಹೊತ್ತಿಗೆ ಎಣ್ಣೆ ನೀರಿನಂತೆ ಓಡಾಡತೊಡಗಿತು.

ಬೆಳಿಗ್ಗೆ ಕಲ್ಲು. ಬಿಸಿಲೇರಿದ ಮೇಲೆ ನೀರು.

ಅವನು ಬಾಟಲಿಯನ್ನೇ ನೋಡಿದ. ದೀಪಾವಳಿಯ ಹಿಂದಿನ ವಾರ ಕಂಪ್ಯೂಟರಿನೊಳಗಿನ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಅಂಗಡಿ ಕಾಲದ ಮಿಷನ್ ಎಣ್ಣೆಯ ಡಬ್ಬಿ ಒಣಗಿತ್ತು. ‘ಒಂದು ತೊಟ್ಟು ತಾನೇ’ ಎಂದು ಇದೇ ಬಾಟಲಿಯಿಂದ ಕಡ್ಡಿಯಲ್ಲಿ ಅದ್ದಿ ಫ್ಯಾನಿನ ನಡುವೆ ಬಿಟ್ಟಿದ್ದ. ಕಿರಿಕಿರಿ ಅವತ್ತೇ ನಿಂತಿತ್ತು. ಬಂದವರಿಗೆಲ್ಲ ಹೇಳಿಯೂ ಇದ್ದ.

ಬಾಟಲಿ ಅಲ್ಲೇ ಇಟ್ಟು ಎದ್ದ.

“ಎಣ್ಣೆ ಕೊಡ್ರೀ” ಎಂದು ಸುವರ್ಣಮ್ಮ ಕೂಗಿದಳು. ಅವನು ಆಗಲೇ ಮುಂದಿನ ಕೋಣೆಯಲ್ಲಿದ್ದ.

ಕಂಪ್ಯೂಟರ್ ಹಚ್ಚಿದ. ಕಪ್ಪು ಪರದೆ ಬಂತು. ಎಫ್-ಒಂದರ ಮೇಲೆ ಹೋದ ಬೆರಳನ್ನು ಹಿಂದಕ್ಕೆ ಎಳೆದುಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಓದಿದ. ಬ್ಯಾಟರಿಯ ಹಳೆಯ ಗೊಣಗಾಟದ ಕೆಳಗೆ ಇನ್ನೊಂದು ಸಾಲಿತ್ತು. ಅವನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ‘ಫ್ಯಾನ್’ ಎನ್ನುವುದು ತಿಳಿಯದಷ್ಟು ಕಡಿಮೆಯಲ್ಲ. ಚಳಿ ಶುರುವಾದಾಗಿನಿಂದ ಇದು ದಿನಾ ಬೆಳಿಗ್ಗೆ ಮುಖಕ್ಕೆ ಹಿಡಿದು ಹೇಳುತ್ತಿತ್ತು. ಇವನು ದಿನಾ ಬೆಳಿಗ್ಗೆ ಅದರ ಬಾಯಿ ಮುಚ್ಚಿಸುತ್ತಿದ್ದ.

ಹಗ್ಗ ಬಿಚ್ಚಿ ಹಲಗೆ ತೆಗೆದು ಟಾರ್ಚು ಬಿಟ್ಟ. ಫ್ಯಾನು ತಿರುಗುತ್ತಿರಲಿಲ್ಲ. ಈಗ ತಾನೇ ಹುಟ್ಟಿದ ಕರು ಏಳಲು ನೋಡುವಂತೆ ಒಂದು ಸಲ ಮಿಡುಕಿ ಸುಮ್ಮನಾಗುತ್ತಿತ್ತು. ಅದರ ಹಿಂದಿನ ಅಲ್ಯುಮಿನಿಯಂ ತುಂಡಿಗೆ ಬೆರಳು ತಾಗಿಸಿ, ಸುಟ್ಟುಕೊಂಡು, ಬೆರಳನ್ನು ಬಾಯಿಗೆ ಇಟ್ಟುಕೊಂಡ. ಗಾಳಿಯಿಲ್ಲದೆ ಒಳಗೆ ಕಾದು ಕಾದು ಯಂತ್ರಕ್ಕೆ ತಲೆ ಓಡದಂತಾಗಿ, ಹೊರಗೆ ಬಾಣ ನಿಲ್ಲುತ್ತಿತ್ತು. ಬಿಸಿಲಿಗೆ ಎಣ್ಣೆ ಕರಗಿದರೆ ಫ್ಯಾನೂ ಸರಿ, ಬಾಣವೂ ಸರಿ. ಹಲಗೆ ಬಿಚ್ಚಿ ನೋಡಿದ್ದೆಲ್ಲ ಮಧ್ಯಾಹ್ನವೇ. ಆಗೆಲ್ಲ ಅದು ಗಿರ್ರನೆ ತಿರುಗುತ್ತಿತ್ತು.

ಕಂಪ್ಯೂಟರ್ ಆರಿಸಿ ಒಳಗೆ ಹೋದ. ಸುವರ್ಣಮ್ಮ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅವನ ದನಿ ತುಂಬ ತಗ್ಗಿತ್ತು.

“ನಿನ್ನ ಹೊಲಿಗೆ ಮಿಷನ್ ಎಣ್ಣೆ ಎಲ್ಲಿಟ್ಟಿದ್ದೀಯೇ?”

“ಯಾಕೆ?”

“ಫ್ಯಾನಿಗೆ.”

“ಕೊಬ್ಬರಿ ಎಣ್ಣೆ ಬುಟ್ಟಿದ್ರಲ್ಲ. ಕಿವಿಗೆ ಬುಟ್ಟಂಗೆ.” ಅಷ್ಟಂದವಳು ಕೈಯಲ್ಲಿದ್ದ ಬಾಟಲಿ ನೋಡಿದಳು, ಗಂಡನ ಮುಖ ನೋಡಿದಳು. “ಅಯ್ಯೋ ಶಿವನೇ. ಅದಕ್ಕಾ? ಅದಕ್ಕಾ ನನ್ನ ಹೂವಿನ ಬಟ್ಟೆ ಕಿತ್ತೆಸೆದಿದ್ದು?”

“ಎಲ್ಲಿಟ್ಟಿದ್ದೀಯ ಹೇಳೇ. ಬಸ್ಸು ಬರೋ ಹೊತ್ತಾಯ್ತು.”

“ಮಿಷನ್ ಖಾನೇಲಿ ಐತೆ. ಬಟ್ಟೆ ಹೊಸಾದು ತರ್ಬೇಕು, ಈಗ್ಲೇ ಹೇಳಿರ್ತೀನಿ.”

ಫ್ಯಾನು ಬಿಚ್ಚಿ, ನಡುವಿನ ಸ್ಟಿಕ್ಕರ್ ಎಬ್ಬಿಸಿದ. ಒಳಗೆ ಬೆಳ್ಳಗೆ ಜಿಡ್ಡು ಕೂತಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಸುವರ್ಣಮ್ಮನ ಎಣ್ಣೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ತಟ್ಟಿದ. ತಾನಾಗಿಯೇ ತಿರುಗಿ ತಿರುಗಿ ನಿಧಾನವಾಗಿ ನಿಂತಿತು. ಜುಂಜಣ್ಣ ಕಂಬಳಿ ಕೊಡವಿ ಒಳಗೆ ಬರುವಷ್ಟರಲ್ಲಿ ಫ್ಯಾನು ಮತ್ತೆ ತನ್ನ ಜಾಗದಲ್ಲಿತ್ತು, ಹಲಗೆ ಮಾತ್ರ ಬಿಚ್ಚಿಯೇ ಇತ್ತು.

“ಹೆಂಗಣ್ಣ?”

“ಕುಂತ್ಕ. ಮಾತಾಡಬ್ಯಾಡ.”

ಹೆಡ್ಡು ಒರೆಸಿ, ಜುಂಜಣ್ಣ ಕೊಟ್ಟ ಕ್ಯಾಸೆಟ್ಟಿನ ಗಾಲಿಯನ್ನು ಪೆನ್ಸಿಲಿನಿಂದ ಬಿಗಿ ಮಾಡಿ, ಹಾಕಿದ. ಒಂದು ಕಣ್ಣು ಫ್ಯಾನಿನ ಮೇಲೆ, ಒಂದು ಕಣ್ಣು ಬಾಣದ ಮೇಲೆ. ಮುದ್ದಕ್ಕ ಶುರುಮಾಡಿದಳು. ಮೊದಲ ಪದ ಮುಗಿಯಿತು, ಎರಡನೆಯದು ದಾಟಿತು. ದನಿ ಮೊದಲಿನಷ್ಟು ತಿಳಿಯಾಗಿರಲಿಲ್ಲ. ಈ ವಾರ ಉದುರಿದ ಪುಡಿಯ ಬೆಲೆ ಅದು. ಕರಿಬಸವಯ್ಯನಿಗೆ ಅದು ಗೊತ್ತಿತ್ತು. ಮೂರನೆಯ ಪದದ ನಡುವೆ ಅವಳು ತಟ್ಟನೆ ಹಾಡು ಬಿಟ್ಟು, “ಏ ಜುಂಜ, ಮರಿ ಬುಟ್ಟು ದೂರ ಕುಂತ್ಕಳಲಾ, ಪದ ಕೆಟ್ಟೋಯ್ತದೆ” ಎಂದು ಗದರಿದಳು. ಹಿಂದೆ ಎಲ್ಲೋ ಕುರಿಮರಿ ಅರಚಿತು. ಮುದ್ದಕ್ಕ ಹಾಡನ್ನು ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಂಡಳು.

ಕ್ಯಾಸೆಟ್ಟು ಕೊನೆಗೆ ಬಂದು ಟಕ್ಕೆಂದು ನಿಂತಿತು. ಕರಿಬಸವಯ್ಯ ಬಾಣವನ್ನು ನಿಧಾನಕ್ಕೆ ಮೇಲಕ್ಕೆ ಒಯ್ದು ಸೇವ್ ಒತ್ತಿದ. ದನಿ ಒಳಗೆ ಕೂತಿತು. ಪೆನ್‌ಡ್ರೈವಿಗೂ ಇಳಿಯಿತು.

“ಆ ಬಯ್ಗುಳದ ಜಾಗ ಕತ್ತರಿಸಿ ಹಾಕ್ಲೇನಪ್ಪ? ಮದುವೆ ಮನೇಲಿ...”

“ಬ್ಯಾಡ ಬ್ಯಾಡ” ಎಂದ ಜುಂಜಣ್ಣ. ಕಂಬಳಿಯ ಚುಂಗಿನಲ್ಲಿ ಮುಖ ಒರೆಸಿಕೊಂಡ. “ಅದೊಂದು ಇರ್ಲಿ. ಪದ ಬೇರೇರೂ ಹೇಳ್ತಾರೆ.” ಕಂಪ್ಯೂಟರಿನ ಕಡೆ ತಿರುಗಿ ಕೇಳಿದ, “ಏನಾಗಿತ್ತಣ್ಣ ಇದಕ್ಕೆ?”

ಕರಿಬಸವಯ್ಯ ಹಲಗೆ ಎತ್ತಿಕೊಂಡು ಹಗ್ಗ ಬಿಗಿಯತೊಡಗಿದ. “ಚಳಿ ಹಿಡ್ಕಂಡಿತ್ತು ಕಣಪ್ಪ.”

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಸುವರ್ಣಮ್ಮ ಲೋಟ ಕೆಳಗಿಟ್ಟಳು. “ಚಳಿ ಅದಕ್ಕಲ್ಲ ಜುಂಜಣ್ಣ, ನಮ್ಮನೆ ಎಣ್ಣೆಗೆ. ಕುಂತ್ಕ, ಕಾಫಿ ಕುಡಿ, ಎಲ್ಲ ಹೇಳ್ತೀನಿ. ಇವರು ಅಲ್ಲೀಗಂಟ ಆ ಗಂಟು ಕಟ್ತಾ ಇರ್ಲಿ.”

ಕರಿಬಸವಯ್ಯ ಗಂಟು ಕಟ್ಟುತ್ತಲೇ ಇದ್ದ. ಕಟ್ಟಿ ಮುಗಿದ ಗಂಟನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದ.