ನನ್ನ ಕಾರಿನ ಗ್ಯಾಸ್ ಎಲ್ಲಿ ಹೋಯಿತು?

ಕಳೆದ ಗುರುವಾರ ಮಧ್ಯಾಹ್ನ ಅಶೋಕಪುರಂನ ಒಂದು ಕಾರ್ ಎಸಿ ರಿಪೇರಿ ಅಂಗಡಿಯ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು, ನನ್ನ ಕಾರಿನ ಮೂತಿಗೆ ಸೋಪಿನ ನೀರು ಸ್ಪ್ರೇ ಮಾಡುತ್ತಿದ್ದೆ. ಪಕ್ಕದ ಟೀ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡೇ ಎದ್ದು ಬಂದಿದ್ದರು. ಐವತ್ತಮೂರರ ಕಾಲೇಜು ಮೇಡಂ ಹೀಗೆ ಕೂತರೆ ಪುಕ್ಕಟೆ ಸಿನಿಮಾ ಯಾರು ಬಿಡುತ್ತಾರೆ?

ವಿಷಯ ಏನಪ್ಪಾ ಅಂದರೆ, ಈ ಬೇಸಿಗೆಯಲ್ಲಿ ನನ್ನ ಕಾರಿನ ಎಸಿ ಮೂರು ಸಲ ಕೈಕೊಟ್ಟಿತ್ತು. ಹೋದಾಗಲೆಲ್ಲ ಗ್ಯಾರೇಜಿನವರು "ಗ್ಯಾಸ್ ಖಾಲಿ ಮೇಡಂ" ಅನ್ನುತ್ತಿದ್ದರು, ತುಂಬಿಸುತ್ತಿದ್ದರು. ಮೂರು ವಾರ ಊಟಿ. ನಾಲ್ಕನೇ ವಾರ ಇಡ್ಲಿ ಪಾತ್ರೆ. (ಇಡ್ಲಿ ನಾನೇ.)

ಅಲ್ಲ, ಅದೇನು ಪೆಟ್ರೋಲೇ, ಓಡಿಸಿದಷ್ಟೂ ಖರ್ಚಾಗಲು? ಮುಚ್ಚಿದ ಪೈಪಿನೊಳಗೇ ಸುತ್ತುವ ಗ್ಯಾಸ್ ಖಾಲಿಯಾಯಿತೆಂದರೆ ಎಲ್ಲೋ ತೂತಿದೆ ಎಂದು ತಾನೇ? ಕೇಳಿದರೆ ಒಂದೇ ಉತ್ತರ: "ಹಳೇ ಗಾಡಿ ಅಲ್ವಾ ಮೇಡಂ?"

ಈ ಉತ್ತರವನ್ನು ಗಟ್ಟಿಯಾಗಿ ಹಿಡಿದುಕೊಂಡವರು ನಮ್ಮ ಯಜಮಾನರು. "ಹಳೇ ಗಾಡಿ ಕಣೇ, ಕೊಟ್ಬಿಡೋಣ. ವಿಜಯನಗರದ ಪಾರ್ಟಿ ಒಬ್ರು ಭಾನುವಾರ ನೋಡೋಕೆ ಬರ್ತಾರೆ," ಎಂದು ಬುಧವಾರ ಬೆಳಿಗ್ಗೆ ಕಾಫಿ ಹೀರುತ್ತಾ ಘೋಷಿಸಿದರು. "ದೊಡ್ಡ ಗಾಡಿ ತಗೊಳ್ಳೋಣ. ನಾನೇ ಡ್ರಾಪ್ ಮಾಡ್ತೀನಿ ನಿನ್ನ."

ಡ್ರಾಪ್! ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವಳು ನಾನು. ರಾಮಕೃಷ್ಣನಗರದ ನಮ್ಮ ಬೀದಿಯ ಮೂರು ಕಾಂಪೌಂಡ್‌ಗಳಿಗೆ ಗುದ್ದಿ ಕಲಿತದ್ದು. ನನ್ನ ಸಂಬಳದಲ್ಲಿ ಕೊಂಡ ಈ ಪುಟ್ಟ ಕಾರು ಬಂದ ಮೇಲೆಯೇ "ಸ್ವಲ್ಪ ಬಿಟ್ಟು ಬರ್ತೀರಾ?" ಎಂದು ಯಾರನ್ನೂ ಕೇಳದೆ ಅಮ್ಮನ ಮನೆಗೋ, ಸುಮ್ಮನೆ ಕುಕ್ಕರಹಳ್ಳಿ ಕೆರೆ ದಂಡೆಗೋ ಹೋಗಲು ಶುರುಮಾಡಿದ್ದು. ಅದು ಹೋದರೆ ಮತ್ತೆ ರೆಡಿಯಾಗಿ ಗೇಟಿನ ಬಳಿ ಕಾಯುವ ಬಾಳು. ಎಸಿ ಸರಿಯಾದರೆ ಮಾರಲು ನೆಪವೇ ಇರುವುದಿಲ್ಲ. ಭಾನುವಾರಕ್ಕೆ ಉಳಿದದ್ದು ಮೂರೇ ದಿನ.

ಸಹೋದ್ಯೋಗಿಯೊಬ್ಬರು ಅಶೋಕಪುರಂನ ಮೆಕ್ಯಾನಿಕ್ ಪುಟ್ಟಸ್ವಾಮಿಯ ಹೆಸರು ಹೇಳಿದರು. ಈ ಪುಣ್ಯಾತ್ಮ ಗ್ಯಾಸ್ ಸಿಲಿಂಡರನ್ನು ಮುಟ್ಟಲೇ ಇಲ್ಲ. "ಮೊದ್ಲು ಎಲ್ಲಿ ಸೋರ್ತದೆ ನೋಡವ ಮೇಡಂ. ಸುಮ್ಕೆ ತುಂಬ್ಸಿದ್ರೆ ತೂತು ಬಿಂದಿಗೇಲಿ ನೀರು ಸೇದ್ದಂಗೆ ಆಯ್ತದೆ ಅಷ್ಟೇ," ಅಂದರು. ಅಬ್ಬಾ, ಈ ಒಂದು ಮಾತು ಕೇಳಲು ನಾನು ಮೂರು ತಿಂಗಳು ಬೆವರಿದ್ದೆ!

ಪೈಪಿಗೆ ಒತ್ತಡದಲ್ಲಿ ನೈಟ್ರೋಜನ್ ತುಂಬಿದರು. ಸೋಪಿನ ನೀರು ಹೊಡೆಯಬೇಕು, ಗುಳ್ಳೆ ಎದ್ದಲ್ಲಿ ತೂತು. ಅವರು ಬಾನೆಟ್ಟಿನೊಳಗೆ ಜಾಯಿಂಟ್‌ಗಳನ್ನು ನೋಡುತ್ತಿದ್ದರು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲವಲ್ಲ, ಇನ್ನೊಂದು ಬಾಟಲಿ ತೆಗೆದುಕೊಂಡು ಮುಂದಿನ ಜಾಲರಿಯ ಹಿಂದಿರುವ, ಗ್ಯಾಸ್ ತಣಿಸುವ ಕಂಡೆನ್ಸರಿಗೆ ಹೊಡೆಯತೊಡಗಿದೆ. ಹತ್ತು ನಿಮಿಷ ಏನೂ ಇಲ್ಲ. ಮಂಡಿ ನೋವು ಶುರುವಾಯಿತು. ಅಷ್ಟರಲ್ಲಿ ಎಡಮೂಲೆಯಲ್ಲಿ ಒಂದು ಗುಳ್ಳೆ. ಇನ್ನೊಂದು. ಆಮೇಲೆ ಒಂದು ಗೊಂಚಲು!

"ಸಿಕ್ತು!" ಎಂದು ನಾನು ಕೂಗಿದ್ದಕ್ಕೆ ಯಾರದೋ ಟೀ ಚೆಲ್ಲಿತು.

ಪುಟ್ಟಸ್ವಾಮಿ ಟಾರ್ಚ್ ಬಿಟ್ಟು, ಇಕ್ಕಳ ಹಾಕಿ, ಅಲ್ಲಿಂದ ಬೆರಳುದ್ದದ ತುಕ್ಕು ತಂತಿಯೊಂದನ್ನು ಎಳೆದರು. "ಇದ್ಯಾರ್ ಮೇಡಂ, ಇಲ್ಲಿಗೆ ಬೈಂಡಿಂಗ್ ವೈರ್ ಚುಚ್ಚಿರೋರು?"

ನನಗೆ ಫಕ್ಕನೆ ಹೊಳೆಯಿತು. ಆಯುಧಪೂಜೆ! ಆಚೆ ವರ್ಷ ದಾರದಲ್ಲಿ ಕಟ್ಟಿದ್ದ ಬಾಳೆಕಂದು ರಿಂಗ್ ರೋಡಿನಲ್ಲಿ ಕಳಚಿ ಬಿದ್ದು, ಹಿಂದಿದ್ದ ಸ್ಕೂಟರಿನವರಿಂದ ಮಂಗಳಾರತಿಯಾಗಿತ್ತು. ಅದಕ್ಕೇ ಕಳೆದ ದಸರಾಕ್ಕೆ ಯಜಮಾನರು ಮನೆ ರಿಪೇರಿಯಲ್ಲಿ ಉಳಿದ ತಂತಿ ತಂದು, ಇಕ್ಕಳದಲ್ಲಿ ತಿರುಚಿ ತಿರುಚಿ ಜಾಲರಿಗೆ ಬಿಗಿದಿದ್ದರು. ಒಣಗಿದ ಕಂದನ್ನು ಕಿತ್ತೆಸೆದರು. ಮುರಿದ ತಂತಿಯ ತುದಿ ಒಳಗೇ ಉಳಿದು, ಗಾಡಿ ಕುಲುಕಿದಾಗಲೆಲ್ಲ ಕೆರೆದು ಕೆರೆದು ಸೂಜಿಮೊನೆಯಷ್ಟು ತೂತು ಮಾಡಿತ್ತು. ಚಳಿಗಾಲದಲ್ಲಿ ಎಸಿ ಹಾಕುವವರು ಯಾರು? ಗೊತ್ತೇ ಆಗಲಿಲ್ಲ. ಗಾಡಿ ಹಳತಾಗಿರಲಿಲ್ಲ ಸ್ವಾಮಿ, ಪೂಜೆ ಜೋರಾಗಿತ್ತು!

ಪುಟ್ಟಸ್ವಾಮಿ ಬಿದ್ದು ಬಿದ್ದು ನಕ್ಕರು. "ದಸರಾ ಆದ್ಮೇಲೆ ಇಂಥವು ನಾಕೈದು ಬಂದೇ ಬತ್ತವೆ ಬುಡಿ ಮೇಡಂ. ಊರೋರ ಭಕ್ತಿನೇ ನಮ್ಗೆ ಅನ್ನ."

ಶನಿವಾರ ಹೊಸ ಕಂಡೆನ್ಸರ್ ಕೂತಿತು. ಜಾಯಿಂಟ್‌ಗಳಿಗೆ ಹೊಸ ರಬ್ಬರ್ ರಿಂಗ್ ಹಾಕಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಲ್ಲಿ ಎಳೆದು, ಮೀಟರಿನ ಮುಳ್ಳು ಅಲ್ಲಾಡುವುದಿಲ್ಲ, ಅಂದರೆ ಎಲ್ಲೂ ಸೋರುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಗ್ಯಾಸನ್ನು ತೂಕ ಮಾಡಿ ತುಂಬಿದರು. ಮೇ ತಿಂಗಳ ಮಧ್ಯಾಹ್ನ, ಗಾಜೆಲ್ಲ ಏರಿಸಿ, ತಣ್ಣಗೆ ಮನೆ ಕಡೆ ಹೊರಟೆ. "ಗೆದ್ದೆ ಕಣಮ್ಮಾ!" ಎಂದು ಸಿಗ್ನಲ್ಲಿನಲ್ಲಿ ನನಗೆ ನಾನೇ ಜೋರಾಗಿ ಹೇಳಿಕೊಂಡೆ. ಪಕ್ಕದ ಆಟೋದವರು ತಿರುಗಿ ನೋಡಿದರೆ ನೋಡಲಿ.

ನಾವೆಲ್ಲ ತುಂಬಿಸುವುದರಲ್ಲಿ ನಿಸ್ಸೀಮರು, ಅಲ್ಲವೇ? ಗೋಡೆ ಒದ್ದೆಯಾದರೆ ಬಣ್ಣ ಬಳಿಯುತ್ತೇವೆ. ದಿನಾ ತಲೆನೋವು ಬಂದರೆ ದಿನಾ ಮಾತ್ರೆ. ಎಲ್ಲಿ ಸೋರುತ್ತಿದೆ ಎಂದು ಮಂಡಿಯೂರಿ ಹುಡುಕಲು ಮಾತ್ರ ಪುರುಸೊತ್ತಿಲ್ಲ. ಹುಡುಕಿದರೆ ನಾವೇ ಕಟ್ಟಿದ ತಂತಿ ಸಿಕ್ಕೀತೆಂಬ ಭಯವೂ ಇರಬಹುದು.

ಮನೆಗೆ ಬಂದವಳೇ ಆ ತಂತಿಯನ್ನು ಯಜಮಾನರ ಕಾಫಿ ಲೋಟದ ಪಕ್ಕ ಇಟ್ಟೆ.

"ಏನೇ ಇದು?"

"ನಿಮ್ಮ ಭಕ್ತಿ ಕಣ್ರೀ."

ಕಥೆ ಕೇಳಿ ತಂತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆದರೆ ಪಾರ್ಟಿಗೆ ಬರಬೇಡಿ ಎಂದು ಫೋನ್ ಮಾಡಲಿಲ್ಲ. ಭಾನುವಾರ ವಿಜಯನಗರದವರು ಬಂದೇ ಬಂದರು. ಒಳಗೆ ಕೂತರು, ಎಸಿ ಹಾಕಿದರು, ಕಣ್ಣರಳಿಸಿದರು. "ಏನ್ ಕೂಲಿಂಗ್ ಸಾರ್! ಇವತ್ತೇ ತಗೊಂಡ್ಹೋಗ್ತೀನಿ." ಅಯ್ಯೋ ದೇವರೇ, ನಾನೇ ಸಿಂಗರಿಸಿ ಕಳಿಸಿಕೊಟ್ಟ ಹಾಗಾಯಿತಲ್ಲ!

ಯಜಮಾನರು ನನ್ನ ಮುಖ ನೋಡಿದರು. "ನನ್ನನ್ನ ಕೇಳ್ಬೇಡಿ. ಗಾಡಿ ಅವರದು."

"ಕೊಡಲ್ಲ ರೀ. ಕಾಫಿ ಕುಡ್ಕೊಂಡು ಹೋಗಿ," ಎಂದೆ.

ಏಳು ವರ್ಷದಿಂದ ಆರ್‌ಸಿಯಲ್ಲಿ ಇರುವುದು ನನ್ನದೇ ಹೆಸರು; ಅದನ್ನು ಬಾಯಿಬಿಟ್ಟು ಹೇಳಲು ಒಬ್ಬ ಗಂಡನಿಗೆ ಕಂಡೆನ್ಸರೇ ಬದಲಾಗಬೇಕಿತ್ತೇ?