ಕಮಲಾಪುರದಲ್ಲಿ ಕೈ ಕಟ್ಟಿ ನಿಂತದ್ದು

ರವಿವಾರ ಬೆಳಿಗ್ಗೆ ಕಲಬುರಗಿಯಿಂದ ಕಮಲಾಪುರದ ಬಸ್ಸು ಹತ್ತಿ ಕಂಡಕ್ಟರಿಗೆ, "ಒಂದು ಫುಲ್, ಒಂದು ಹಾಫ್ ಕೊಡ್ರಿ" ಎಂದೆ. ಪಕ್ಕದಲ್ಲಿ ಕೂತಿದ್ದ ಮಗ ಶರಣು ತಡೆದ. "ನಂಗ ಹದಿಮೂರು ರೀ, ಫುಲ್ಲೇ ಕೊಡ್ರಿ." ಕಂಡಕ್ಟರ್ ನಕ್ಕು ಎರಡು ಫುಲ್ ಹರಿದುಕೊಟ್ಟ.

ಕಳೆದ ತಿಂಗಳು ಶಾಲೆಯ ಕ್ಯಾಂಪಿಗೆ ಹೋದವನು ಎರಡನೆಯ ದಿನವೇ ಫೋನಿನಲ್ಲಿ ಅತ್ತಿದ್ದ. ನಾನೋ ಮಹಾ ಅಪ್ಪ, ಗಾಡಿ ಹೊಡೆದುಕೊಂಡು ಹೋಗಿ ಕರೆತಂದೆ. ಆಮೇಲೆ ಗೆಳೆಯರು ಆಟಕ್ಕೆ ಕರೆದರೂ ಅವನು ಸೇಡಂ ರಸ್ತೆಯ ನಮ್ಮ ಮನೆಯಿಂದ ಹೊರಬೀಳಲೇ ಇಲ್ಲ. ಸುದ್ದಿ ಕೇಳಿದ ಕಮಲಾಪುರದ ನನ್ನ ಅಕ್ಕ, "ಒಂದಿನ ನಮ್ಮ ತ್ವಾಟಕ್ಕ ಕರ್ಕೊಂಡು ಬಾ" ಎಂದಿದ್ದಳು.

ಸುಮಾರು ಒಂದು ತಾಸಿನ ದಾರಿ. ಇಳಿಯುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನಿಸಿ ತೋಟಕ್ಕೆ ನಡೆಸಿದಳು. ಅಲ್ಲಿ ಕೆಂಪು ಬಾಳೆಯ ಕೊಯ್ಲು. ಕಡಿದ ಗೊನೆಯನ್ನು ರಸ್ತೆಯಲ್ಲಿ ನಿಂತ ಟೆಂಪೋ ಮುಟ್ಟುವತನಕ ನೆಲಕ್ಕೆ ಇಡುವಂತಿಲ್ಲ. ಇಟ್ಟರೆ ಸಿಪ್ಪೆ ಕಂದಿ ವ್ಯಾಪಾರಿ ಬೇಡವೆನ್ನುತ್ತಾನೆ. ಅಕ್ಕ ಸಣ್ಣದೊಂದು ಗೊನೆ ಆರಿಸಿ, ಟವೆಲ್ ಮಡಿಸಿಟ್ಟು ಶರಣುವಿನ ಹೆಗಲಿಗೆ ಹೊರಿಸಿದಳು.

ಅಕ್ಕ ಮುಂದೆ, ನಾನು ಅವನ ಬೆನ್ನಿಗೆ. ಅರ್ಧ ದಾರಿಯಲ್ಲಿ ಅವನ ಕಾಲುಗಳು ನಡುಗಿದವು. ತಟ್ಟನೆ ಹಿಂದಿನಿಂದ ಗೊನೆ ಎತ್ತಿಹಿಡಿದೆ. ತೂಕ ಒಮ್ಮೆಲೇ ಮುಂದಕ್ಕೆ ಹೊರಳಿ ಹುಡುಗ ಗೊನೆಸಮೇತ ಮಣ್ಣಿಗೆ ಬಿದ್ದ. ಮೊಣಕಾಲು ತರಚಿ ರಕ್ತ ಬಂತು.

"ಅಯ್ಯೋ, ಸಾಕು ಬಿಡಪ್ಪಾ, ಮನಿಗಿ ಹೋಗೋಣ" ಎಂದೆ.

ಅಕ್ಕನ ಸಿಟ್ಟು ನೆತ್ತಿಗೇರಿತು. "ತೂಕಕ್ಕ ಬಿದ್ದಿಲ್ಲೋ ತಮ್ಮಾ, ನೀ ಕೈ ಹಚ್ಚಿದ್ದಕ್ಕ ಬಿದ್ದಾನ! ಕೈ ಕಟ್ಕೊಂಡು ಅಲ್ಲೇ ನಿಂದ್ರು." ಆಮೇಲೆ ಅಳಿಯನ ಗಾಯ ತೊಳೆದು ಮೆಲ್ಲಗೆ ಕೇಳಿದಳು, "ಇನ್ನೊಂದು ಹೊರ್ತಿಯೇನೋ, ಬ್ಯಾಡೇನೋ? ನೀನೇ ಹೇಳು."

ಶರಣು ಕಣ್ಣೊರೆಸಿಕೊಂಡ. "ಹೊರ್ತೀನಿ ಅತ್ತಿ. ಅಪ್ಪ ಮಾತ್ರ ಬರೂದು ಬ್ಯಾಡ."

ಆ ಮಾತು ಎದೆಗೆ ಚುಚ್ಚಿತು. ಆದರೂ ಅಲ್ಲೇ ನಿಂತೆ. ಅಕ್ಕ ಅವನಿಗೆ ಇನ್ನೊಂದು ಗೊನೆ ಹೊರಿಸಿದಳು. ಅವನು ದಾರಿಯಲ್ಲಿ ಎರಡು ಸಲ ನಿಂತ, ಹೆಗಲು ಬದಲಿಸಿದ, ಮತ್ತೆ ನಡೆದ. ಕಟ್ಟಿಕೊಂಡ ನನ್ನ ಕೈಗಳು ಬೆವತುಹೋದವು. ಟೆಂಪೋದವನು ಗೊನೆ ಇಳಿಸಿಕೊಂಡು "ಶಾಬಾಸ್ ಬೇಟಾ!" ಎಂದಾಗ ಶರಣು ನನ್ನತ್ತ ತಿರುಗಿ ನಕ್ಕ. ಕ್ಯಾಂಪಿನಿಂದ ಬಂದ ಮೇಲೆ ಅದೇ ಮೊದಲ ನಗು. ಹಾಳಾದ ಕಣ್ಣು, ಈಗ ನನಗೇ ನೀರು ಬಂತು.

ಸಂಜೆ ಅಕ್ಕ ಮಣ್ಣಿಗೆ ಬಿದ್ದಿದ್ದ ಕಾಯಿಗಳನ್ನೇ ಚೀಲಕ್ಕೆ ತುಂಬಿಕೊಟ್ಟಳು. "ನೀ ಕೆಡವಿದ್ದು, ಹಣ್ಣಾದ ಮ್ಯಾಲ ನೀನೇ ತಿನ್ನು."

ಕಲಬುರಗಿಗೆ ಮರಳಿ ಜಗತ್ ಸರ್ಕಲ್ಲಿನಲ್ಲಿ ಇಳಿದೆವು. ಶರಣು ಚೀಲವನ್ನು ಹೆಗಲಿಗೇರಿಸಿಕೊಂಡು ಒಂದು ಗಳಿಗೆ ವಾಲಿದ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅವನು ನೋಡುವ ಮೊದಲೇ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಅವನ ಹಿಂದೆ ನಡೆದೆ.